ಕಾಲಿಟನ್ನಿನ ಮದುವೆ ಪುಸ್ತಕ

ಶೇಕ್ಸ್‌ಪಿಯರನ ಜೂಲಿಯೆಟ್‌ಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ತಾಯಿ ಆಗಲೇ ಮದುವೆಯ ಮಾತೆತ್ತುತ್ತಾಳೆ. ನಾಟಕ ಓದಿದವರಿಗೆ ಆ ಕಾಲದ ಇಂಗ್ಲೆಂಡಿನಲ್ಲೂ ಹುಡುಗಿಯರಿಗೆ ಎಳೆಯ ವಯಸ್ಸಿನಲ್ಲೇ ಮದುವೆ ಆಗುತ್ತಿತ್ತು ಅನ್ನಿಸುವುದು ಸಹಜ. ಕಾನೂನನ್ನು ನೋಡಿದರೂ ಹಾಗೇ ಕಾಣುತ್ತದೆ. ಹುಡುಗಿಗೆ 12, ಹುಡುಗನಿಗೆ 14 ತುಂಬಿದರೆ ಸಾಕು, ಮದುವೆ ಊರ್ಜಿತ. ಈ ಮಿತಿಯನ್ನು ಇಬ್ಬರಿಗೂ 16ಕ್ಕೆ ಏರಿಸಿದ್ದು 1929ರಲ್ಲಿ. ಆದರೆ ಡೆವನ್ ಸೀಮೆಯ ಕಾಲಿಟನ್ ಎಂಬ ಹಳ್ಳಿಯ ಚರ್ಚಿನ ಪುಸ್ತಕ ಬೇರೆಯೇ ಕಥೆ ಹೇಳುತ್ತದೆ. 1647ರಿಂದ 1719ರವರೆಗೆ ಅಲ್ಲಿ ಮೊದಲ ಸಲ ಮದುವೆಯಾದ ಹೆಣ್ಣುಮಕ್ಕಳ ಸರಾಸರಿ ವಯಸ್ಸು 29.6. ಕಾನೂನು ಹನ್ನೆರಡಕ್ಕೇ ಬಾಗಿಲು ತೆರೆದಿದ್ದರೂ ಜನ ಮೂವತ್ತರ ಹೊಸ್ತಿಲವರೆಗೆ ಕಾದರು. ಆ ಕಾಲದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮದುವೆಯ ಮುಹೂರ್ತ ಇಟ್ಟದ್ದು ಕಾನೂನೂ ಅಲ್ಲ, ಪಾದ್ರಿಯೂ ಅಲ್ಲ. ಬಹುಮಟ್ಟಿಗೆ ತಂದೆತಾಯಿಯರೂ ಅಲ್ಲ. ಮುಹೂರ್ತ ಇಟ್ಟದ್ದು ದುಡಿಮೆ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿ ಸಿಗುವುದು ಸರ್ಕಾರ ತನ್ನ ಹಿಡಿತ ಬಿಗಿ ಮಾಡಲೆಂದು ಬರೆಸಿದ ಪುಸ್ತಕಗಳಲ್ಲೇ.

ಆ ಪುಸ್ತಕಗಳ ಹುಟ್ಟು 1538ರ ಸೆಪ್ಟೆಂಬರಿನದು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ಗೂ ಒಂದು ಆಜ್ಞೆ ಕಳಿಸಿದ. ಊರಲ್ಲಿ ನಡೆಯುವ ಪ್ರತಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರವನ್ನು ವಾರಕ್ಕೊಮ್ಮೆ, ಭಾನುವಾರ, ಚರ್ಚಿನ ಮೇಲ್ವಿಚಾರಕನ ಎದುರಲ್ಲಿ ಪುಸ್ತಕಕ್ಕೆ ಏರಿಸಬೇಕು. ಪುಸ್ತಕ ಇಡುವ ಪೆಟ್ಟಿಗೆಗೆ ಎರಡು ಬೀಗ ಇರಬೇಕು. ಒಂದರ ಕೀಲಿ ಪಾದ್ರಿಯ ಬಳಿ, ಇನ್ನೊಂದರದು ಮೇಲ್ವಿಚಾರಕರ ಬಳಿ. ಬರೆಯಲು ತಪ್ಪಿದರೆ 3 ಶಿಲ್ಲಿಂಗ್ 4 ಪೆನ್ಸ್ ದಂಡ, ಆ ಹಣ ಚರ್ಚಿನ ರಿಪೇರಿಗೆ. ಪ್ಯಾರಿಷ್ ಅಂದರೆ ಒಂದು ಚರ್ಚಿನ ಸರಹದ್ದು, ಆದರೆ ಅದಕ್ಕೆ ಧರ್ಮದ ಕೆಲಸ ಒಂದೇ ಇರಲಿಲ್ಲ. ಬಡವರಿಗೆ ಕಾಳುಕಡ್ಡಿ ಕೊಡುವುದು, ರಸ್ತೆ ದುರಸ್ತಿ, ಕಂದಾಯದ ಹಂಚಿಕೆ, ಇವೂ ಮುಂದೆ ಅದರ ಹೆಗಲಿಗೇ ಬಿದ್ದವು. ಜನಕ್ಕಂತೂ ಪುಸ್ತಕದ ಮೇಲೆ ಗುಮಾನಿ ಮೊದಲ ದಿನದಿಂದಲೇ ಇತ್ತು. 1539ರಲ್ಲಿ ಡೆವನ್ ಮತ್ತು ಕಾರ್ನ್‌ವಾಲ್‌ನ ಜನ ಇದು ಹೊಸ ತೆರಿಗೆಯ ಪೀಠಿಕೆ ಎಂದು ಹೆದರಿದ್ದಾರೆಂದು ಆ ಕಡೆಯ ದೊಡ್ಡ ಜಮೀನುದಾರನೊಬ್ಬ ಕ್ರಾಮ್‌ವೆಲ್‌ಗೆ ಕಾಗದ ಬರೆದ. ಆ ಹೆದರಿಕೆ ನಿಜವಾಗಲು ಒಂದೂವರೆ ಶತಮಾನ ಬೇಕಾಯಿತು. ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಹಣ ಹೊಂದಿಸಲು 1694ರಲ್ಲಿ ಪಾರ್ಲಿಮೆಂಟು ಹುಟ್ಟು, ಮದುವೆ, ಸಾವು ಮೂರಕ್ಕೂ ಸುಂಕ ಹಾಕಿತು. ಸಾಮಾನ್ಯರ ಮದುವೆಗೆ 2 ಶಿಲ್ಲಿಂಗ್ 6 ಪೆನ್ಸ್. ಅಂತಸ್ತು ಏರಿದಂತೆ ಸುಂಕವೂ ಏರುತ್ತಿತ್ತು. 25 ದಾಟಿದ ಬ್ರಹ್ಮಚಾರಿಗೆ ವರ್ಷಕ್ಕೊಂದು ಶಿಲ್ಲಿಂಗ್ ಬೇರೆ. 1783ರಲ್ಲಿ ಮತ್ತೊಮ್ಮೆ, ಪ್ರತಿ ನಮೂದಿಗೆ 3 ಪೆನ್ಸ್. ಹಳ್ಳಿಯವರ ಗುಮಾನಿಯನ್ನು ಅಜ್ಞಾನ ಎಂದು ತಳ್ಳಿಹಾಕುವ ಇತಿಹಾಸಕಾರರು ಈ ಎರಡು ಕಾನೂನುಗಳನ್ನು ಮರೆಯಬಾರದು.

ಮೊದಮೊದಲ ದಾಖಲೆಗಳು ಬಿಡಿ ಹಾಳೆಗಳಲ್ಲಿ ಇದ್ದವು, ಹುಳು ಹಿಡಿದವು, ಕಳೆದೂ ಹೋದವು. 1598ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಚರ್ಮದ ಹಾಳೆಯ ಪುಸ್ತಕಕ್ಕೆ ಹಳೆಯದನ್ನೆಲ್ಲ ನಕಲು ಮಾಡಿ, ಪ್ರತಿವರ್ಷ ಒಂದು ಪ್ರತಿಯನ್ನು ಬಿಷಪ್ಪನಿಗೆ ಕಳಿಸಬೇಕೆಂದು ಕಟ್ಟಳೆಯಾಯಿತು. ಮೇಲಿನವರಿಗೆ ಪ್ರತಿ ಕಳಿಸುವ ಈ ಪದ್ಧತಿ ಮುಂದೆ ಕಂಪನಿಯವರ ಜೊತೆ ನಮ್ಮಲ್ಲಿಗೂ ಬಂತು. ಬೆಂಗಳೂರು ದಂಡಿನ ಚರ್ಚುಗಳಲ್ಲಿ ಆದ ಮದುವೆಗಳ ವಿವರ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು, ಆ ಪ್ರತಿಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಂಗ್ಲೆಂಡಿನ ಹಳ್ಳಿಯ ಹಳೆಯ ಮದುವೆ ನಮೂದು ತೀರಾ ಚುಟುಕು: ತಾರೀಖು, ಗಂಡಿನ ಹೆಸರು, ಹೆಣ್ಣಿನ ಹೆಸರು. ವಯಸ್ಸಿಲ್ಲ, ಕಸುಬಿಲ್ಲ, ಅಪ್ಪನ ಹೆಸರಿಲ್ಲ. ತಾರೀಖನ್ನು ಓದುವುದಕ್ಕೂ ಎಚ್ಚರ ಬೇಕು. 1752ರವರೆಗೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿದ್ದರಿಂದ, ಪುಸ್ತಕದಲ್ಲಿ 1701ರ ಫೆಬ್ರವರಿ ಎಂದಿದ್ದರೆ ನಮ್ಮ ಲೆಕ್ಕಕ್ಕೆ ಅದು 1702ರ ಫೆಬ್ರವರಿ. ನಮೂದು ತುಂಬಿಕೊಂಡದ್ದು ಲಾರ್ಡ್ ಹಾರ್ಡ್‌ವಿಕ್ ತಂದ 1753ರ ಮದುವೆ ಕಾನೂನಿನಿಂದ. ಲಂಡನ್ನಿನ ಫ್ಲೀಟ್ ಜೈಲಿನ ಸುತ್ತಮುತ್ತ ಪಾದ್ರಿಗಳು ಕಾಸಿಗೆ ಕೈಚಾಚಿ ಸಾವಿರಾರು ಗುಟ್ಟಿನ ಮದುವೆ ಮಾಡಿಸುತ್ತಿದ್ದರು, ಅದನ್ನು ನಿಲ್ಲಿಸುವುದು ಆ ಕಾನೂನಿನ ಉದ್ದೇಶ. 1754ರ ಮಾರ್ಚ್ 25ರಿಂದ ಮೂರು ಭಾನುವಾರ ಚರ್ಚಿನಲ್ಲಿ ಸಾರಿ ಹೇಳಿದ ಮೇಲೆ, ಇಲ್ಲವೇ ಪರವಾನಗಿ ಪಡೆದು, ಚರ್ಚಿನೊಳಗೇ ಮದುವೆ ಆಗಬೇಕಾಯಿತು. ಕ್ವೇಕರರು ಮತ್ತು ಯಹೂದಿಗಳಿಗೆ ಮಾತ್ರ ವಿನಾಯಿತಿ. ಗಂಡು, ಹೆಣ್ಣು, ಪಾದ್ರಿ, ಇಬ್ಬರು ಸಾಕ್ಷಿಗಳು, ಎಲ್ಲರೂ ಪುಸ್ತಕದಲ್ಲಿ ಸಹಿ ಹಾಕಬೇಕು. ಪುಸ್ತಕವನ್ನು ತಿದ್ದಿ ಮೋಸ ಮಾಡಿದವನಿಗೆ ಮರಣದಂಡನೆ.

ವಯಸ್ಸೇ ಬರೆಯದ ಪುಸ್ತಕದಿಂದ ಮದುವೆಯ ವಯಸ್ಸು ಹೇಗೆ ತಿಳಿಯಿತು? ಇದಕ್ಕೆ ದಾರಿ ತೋರಿದವನು ಫ್ರೆಂಚ್ ಜನಸಂಖ್ಯಾ ತಜ್ಞ ಲೂಯಿ ಆನ್ರಿ. ಪ್ರತಿ ದೀಕ್ಷಾಸ್ನಾನ, ಮದುವೆ, ಸಂಸ್ಕಾರಕ್ಕೆ ಒಂದೊಂದು ಚೀಟಿ ಬರೆದು, ಹೆಸರಿಗೆ ಹೆಸರು ಹೊಂದಿಸಿ, ಒಂದೊಂದು ಕುಟುಂಬವನ್ನೂ ಕಾಗದದ ಮೇಲೆ ಮರಳಿ ಕಟ್ಟುವ ವಿಧಾನ ಅದು. ಮದುವೆಯ ಚೀಟಿಯಲ್ಲಿರುವ ಹೆಣ್ಣಿನ ದೀಕ್ಷಾಸ್ನಾನದ ಚೀಟಿ ಅದೇ ಊರಿನಲ್ಲಿ ಸಿಕ್ಕಿದರೆ ವಯಸ್ಸು ಸಿಕ್ಕಿತು. ಸಿಗದಿದ್ದರೆ ಆಕೆ ಲೆಕ್ಕದಿಂದ ಹೊರಗೆ. ಕೇಂಬ್ರಿಜ್‌ನ ಇ. ಎ. ರಿಗ್ಲಿ ಈ ವಿಧಾನಕ್ಕೆ ಆರಿಸಿಕೊಂಡದ್ದು ಕಾಲಿಟನ್ನನ್ನು. ಪೂರ್ವ ಡೆವನ್ನಿನಲ್ಲಿ, ಆಕ್ಸ್ ನದಿಯನ್ನು ಸೇರುವ ಕಾಲಿ ಎಂಬ ಹೊಳೆಯ ದಡದಲ್ಲಿ, ಎಂಟು ಮೂಲೆಯ ಗೋಪುರವಿರುವ ಸೇಂಟ್ ಆಂಡ್ರೂ ಚರ್ಚಿನ ಸುತ್ತ ಕಟ್ಟಿಕೊಂಡ ಊರು. ಹೈನು, ಉಣ್ಣೆ, ಲೇಸು ಅಲ್ಲಿನ ಬದುಕು. ಊರಿನ ಪುಸ್ತಕ 1538ರಿಂದಲೇ ಉಳಿದಿತ್ತು, ದೊಡ್ಡ ಕೊರತೆಗಳಿಲ್ಲದೆ. 1966ರಲ್ಲಿ ರಿಗ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. 1560ರಿಂದ 1646ರವರೆಗೆ ಮೊದಲ ಮದುವೆಯ ಹೊತ್ತಿಗೆ ಹೆಣ್ಣಿಗೆ ಸರಾಸರಿ 27.0, ಗಂಡಿಗೆ 27.2. 1647ರಿಂದ 1719ರವರೆಗೆ ಹೆಣ್ಣಿಗೆ 29.6, ಗಂಡಿಗೆ 27.7. 1720ರಿಂದ 1769ರವರೆಗೆ ಹೆಣ್ಣಿಗೆ 26.8, ಗಂಡಿಗೆ 25.7. ಆಮೇಲೆ 1837ರವರೆಗೆ ಹೆಣ್ಣಿಗೆ 25.1, ಗಂಡಿಗೆ 26.5. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಈ ಊರಿನ ಸರಾಸರಿ ವಧು ಸರಾಸರಿ ವರನಿಗಿಂತ ದೊಡ್ಡವಳು. ಗಂಡಸರ ವಯಸ್ಸು ಅಷ್ಟೇನೂ ಅಲುಗಾಡಿಲ್ಲ; ಏರಿಳಿದದ್ದು ಹೆಂಗಸರದು.

ಇಷ್ಟು ತಡ ಏಕೆ? ಹಳ್ಳಿಯ ಜೀವನಕ್ರಮದಲ್ಲೇ ಉತ್ತರವಿದೆ. ಮದುವೆಯಾದ ಜೋಡಿ ಅತ್ತೆಮಾವನ ಮನೆ ಸೇರುವ ರೂಢಿ ಅಲ್ಲಿರಲಿಲ್ಲ. ಬೇರೆ ಮನೆ, ಬೇರೆ ಒಲೆ, ಬೇರೆ ಗಳಿಕೆ, ಇವು ಕೂಡಿಬಂದ ಮೇಲೆಯೇ ಮದುವೆ. ಅದಕ್ಕೆ ಬೇಕಾದ ಪಾತ್ರೆಪಡಗ, ಹಾಸಿಗೆ, ಒಂದು ಹಸು, ಒಂದಿಷ್ಟು ನಗದು, ಇವನ್ನು ಗಂಡು ಹೆಣ್ಣು ಇಬ್ಬರೂ ದುಡಿದೇ ಕೂಡಿಹಾಕಬೇಕಿತ್ತು. ಹದಿಹರೆಯದ ಮಕ್ಕಳು ಮನೆ ಬಿಟ್ಟು ಬೇರೆ ರೈತನ ಮನೆಯಲ್ಲಿ ವರ್ಷದ ಕರಾರಿನ ಮೇಲೆ ಆಳಾಗಿ ನಿಲ್ಲುತ್ತಿದ್ದರು. ಊಟ, ವಸತಿ, ವರ್ಷದ ಕೊನೆಗೆ ಸಂಬಳ. 15ರಿಂದ 24ರ ನಡುವಿನ ಯುವಜನರಲ್ಲಿ ಸುಮಾರು 60 ಪ್ರತಿಶತ ಮಂದಿ ಹೀಗೆ ಪರರ ಮನೆಯಲ್ಲಿ ದುಡಿಯುತ್ತಿದ್ದರು ಎಂಬುದು ಊರಿನ ಜನಗಣತಿ ಪಟ್ಟಿಗಳಿಂದ ಕಟ್ಟಿದ ಅಂದಾಜು. ಆಳಾಗಿರುವವರೆಗೆ ಮದುವೆ ಇಲ್ಲ, ಮದುವೆಯಾದರೆ ಆಳುತನ ಮುಗಿಯಿತು.

ಈ ನಂಟಿಗೆ ಪುಸ್ತಕದಲ್ಲೇ ಇರುವ ಅತ್ಯಂತ ಗಟ್ಟಿ ಪುರಾವೆ ತಿಂಗಳುಗಳದು, ಮತ್ತು ನನ್ನ ಮಟ್ಟಿಗೆ ಇಡೀ ವಿಷಯದ ಅತಿ ಸುಂದರ ಶೋಧವೂ ಅದೇ. ಆನ್ ಕುಸ್ಮಾಲ್ ಎಂಬ ಇತಿಹಾಸಕಾರ್ತಿ ನೂರಾರು ಪ್ಯಾರಿಷ್‌ಗಳ ಮದುವೆ ತಾರೀಖುಗಳನ್ನು ತಿಂಗಳವಾರು ಎಣಿಸಿ 1990ರಲ್ಲಿ ಪುಸ್ತಕವಾಗಿ ತಂದರು. ಗೋಧಿ, ಬಾರ್ಲಿ ಬೆಳೆಯುವ ಊರುಗಳಲ್ಲಿ ಮದುವೆಗಳು ಕೊಯ್ಲು ಮುಗಿದು, ಸೆಪ್ಟೆಂಬರ್ 29ರ ಮೈಕೆಲ್ಮಸ್‌ಗೆ ಆಳುಗಳ ವರ್ಷ ತೀರಿ, ಕೈಗೆ ಸಂಬಳ ಬಂದ ಮೇಲೆ ಒತ್ತಾಗಿ ಬರುತ್ತವೆ: ಅಕ್ಟೋಬರ್, ನವೆಂಬರ್. ಕುರಿ, ದನ ಸಾಕುವ ಊರುಗಳಲ್ಲಿ ಕುರಿ ಮರಿ ಹಾಕಿ, ಹಸು ಕರು ಹಾಕಿ, ವಸಂತದ ಗಡಿಬಿಡಿ ಕಳೆದ ಮೇಲೆ: ಏಪ್ರಿಲ್‌ನಿಂದ ಜೂನ್. ಕೈಕಸುಬಿನ ಊರುಗಳಲ್ಲಿ ಇಂಥ ಏರಿಳಿತ ಕಡಿಮೆ. ಮಗ್ಗಕ್ಕೆ ಸುಗ್ಗಿ ಇಲ್ಲ. ಒಂದೇ ಊರು ಸುಗ್ಗಿಯ ಮದುವೆಯಿಂದ ವಸಂತದ ಮದುವೆಗೆ ವಾಲಿದರೆ, ಹೊಲ ಹುಲ್ಲುಗಾವಲಾಯಿತು ಎಂದು ಅರ್ಥ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಮದುವೆ ಬೇಡ ಎಂದು ಚರ್ಚು ಹೇಳುತ್ತಿತ್ತು, ಜನ ಬಹುಮಟ್ಟಿಗೆ ಪಾಲಿಸಿದರು. ಮಾರ್ಚ್‌ನಲ್ಲಿ ಮದುವೆಗಳು ವಿರಳ. ಆದರೆ ಅದರ ಆಚೆಗೆ ವರ್ಷದ ಲಯ ಪಂಚಾಂಗದ್ದಲ್ಲ, ಹೊಲ ಮತ್ತು ಕೊಟ್ಟಿಗೆಯದು.

ಕಾಲಿಟನ್ನಿನ ಅಂಕಿಗಳು ಇಲ್ಲೇ ನನ್ನ ವಾದಕ್ಕೆ ಒಂದು ಕಠಿಣ ಪ್ರಶ್ನೆ ಒಡ್ಡುತ್ತವೆ. 1645ರ ನವೆಂಬರಿನಲ್ಲಿ ಊರಿಗೆ ಪ್ಲೇಗ್ ಬಂತು. ಒಂದು ವರ್ಷದೊಳಗೆ ಊರಿನ ಸುಮಾರು ಐದನೇ ಒಂದು ಪಾಲು ಜನ ಮಣ್ಣಾದರು. ಅಷ್ಟು ಜನ ಸತ್ತಾಗ ಮನೆಗಳು ಖಾಲಿಯಾಗುತ್ತವೆ, ಜಮೀನು ಬಿಡುವಾಗುತ್ತದೆ, ಕೂಲಿ ಏರಬೇಕು. ದುಡಿಮೆಯೇ ಮದುವೆಯ ಮುಹೂರ್ತ ಇಡುವುದಾದರೆ ಆ ಮೇಲೆ ಹೆಣ್ಣುಮಕ್ಕಳು ಬೇಗ ಮದುವೆಯಾಗಬೇಕಿತ್ತು. ಆದದ್ದು ಉಲ್ಟಾ, ವಯಸ್ಸು ಇನ್ನೂ ಮೇಲೇರಿತು. ರಿಗ್ಲಿ ಇದರಲ್ಲಿ ಉದ್ದೇಶಪೂರ್ವಕ ಸಂಯಮ ಕಂಡರು. ಪ್ಲೇಗಿನ ನಂತರದ ದಶಕಗಳಲ್ಲಿ ದಂಪತಿಗಳು ಮಕ್ಕಳ ಸಂಖ್ಯೆಯನ್ನೂ ಬೇಕೆಂದೇ ಮಿತಿಗೊಳಿಸಿದರೆಂದು ಅವರ ವಾದ. ಅದರ ಬಗ್ಗೆ ಇಂದಿಗೂ ಚರ್ಚೆ ಇದೆ. ಮದುವೆಯ ವಯಸ್ಸಿನ ಮಟ್ಟಿಗೆ ನನಗೆ ಹೆಚ್ಚು ಸರಿ ಕಾಣುವ ಉತ್ತರ ಇತಿಹಾಸಕಾರ್ತಿ ಪ್ಯಾಮ್ ಶಾರ್ಪ್ ಅವರದು. ಅವರು ಮದುವೆ ಪುಸ್ತಕವೊಂದನ್ನೇ ನೆಚ್ಚದೆ ಬಡವರ ನೆರವಿನ ಲೆಕ್ಕಗಳನ್ನೂ ತೆರಿಗೆ ಪಟ್ಟಿಗಳನ್ನೂ ಜೊತೆಗಿಟ್ಟು ಓದಿದರು. ಕಾಲಿಟನ್ನಿನಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿದ್ದರು. ಉಣ್ಣೆ ನೂಲುವುದು, ಬಾಬಿನ್‌ಗಳಲ್ಲಿ ಹಾನಿಟನ್ ಲೇಸು ಹೆಣೆಯುವುದು, ಹೈನು, ಈ ಕೆಲಸಗಳು ಹೆಂಗಸರನ್ನು ಊರಲ್ಲಿ ನಿಲ್ಲಿಸುತ್ತಿದ್ದವು, ಹೊರಗಿಂದಲೂ ಸೆಳೆಯುತ್ತಿದ್ದವು. ಗಂಡಸರು ಹೊರಗೆ ಹೋಗುತ್ತಿದ್ದರು. 1685ರ ಜೂನ್‌ನಲ್ಲಿ ಮನ್‌ಮತ್ ಡ್ಯೂಕ್ ಪಕ್ಕದ ಲೈಮ್ ರೀಜಿಸ್‌ನಲ್ಲಿ ಇಳಿದು ರಾಜನ ವಿರುದ್ಧ ಬಂಡೆದ್ದಾಗ ಕಾಲಿಟನ್ನಿನ ಗಂಡಸರು ದೊಡ್ಡ ಸಂಖ್ಯೆಯಲ್ಲಿ ಅವನ ಹಿಂದೆ ಹೋದರು. ಸೆಜ್‌ಮೂರ್‌ನಲ್ಲಿ ಸೋತ ಮೇಲೆ ಗಲ್ಲು, ಗಡೀಪಾರು. ಡೆವನ್ನಿನಲ್ಲೇ ಅತಿ ದೊಡ್ಡ ಬಂಡಾಯದ ಊರು ಎಂಬ ಹೆಸರು ಅದಕ್ಕೆ ಇಂದಿಗೂ ಉಳಿದಿದೆ. ತನ್ನ ಅನ್ನ ತಾನು ದುಡಿಯಬಲ್ಲ, ಆದರೆ ಜೊತೆಗೆ ಗಂಡು ಸಿಗದ ಹೆಣ್ಣು ಕಾಯುತ್ತಾಳೆ. ಕೆಲವರು ಕಾಯುತ್ತಲೇ ಉಳಿಯುತ್ತಾರೆ. ಹೀಗೆ ನೋಡಿದರೆ 29.6 ಎಂಬ ಅಂಕಿ ದುಡಿಮೆಯ ವಾದವನ್ನು ಕೆಡವುವುದಿಲ್ಲ. ಗಂಡಿನ ದುಡಿಮೆಯ ಜೊತೆಗೆ ಹೆಣ್ಣಿನ ದುಡಿಮೆಯನ್ನೂ ಲೆಕ್ಕಕ್ಕೆ ತರಬೇಕೆಂದು ಒತ್ತಾಯಿಸುತ್ತದೆ.

ಇನ್ನೊಂದು ಆಕ್ಷೇಪ ಪುಸ್ತಕದ ನಂಬಿಕೆಗೇ ಸಂಬಂಧಿಸಿದ್ದು. ಚೀಟಿ ಹೊಂದಿಸುವ ವಿಧಾನ ಊರು ಬಿಟ್ಟು ಹೋದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಗ ಸಾಯುವ ಇಲ್ಲವೇ ವಲಸೆ ಹೋಗುವ ಸಾಧ್ಯತೆ ಯಾರಿಗೂ ಇದ್ದೇ ಇರುವುದರಿಂದ, ಊರಲ್ಲಿ ಉಳಿದು ಮದುವೆಯಾದವರ ಸರಾಸರಿಗೆ ಒಂದು ಓರೆ ಬರುತ್ತದೆ. ಅಂತರ್ಯುದ್ಧದ 1640ರ ದಶಕದಲ್ಲಿ ಬಹಳ ಕಡೆ ಪುಸ್ತಕಗಳೇ ನಿಂತುಹೋದವು. 1653ರಿಂದ ಕೆಲವು ವರ್ಷ ಮದುವೆ ಚರ್ಚಿನಿಂದ ಮ್ಯಾಜಿಸ್ಟ್ರೇಟನ ಮುಂದೆ ಹೋಯಿತು. 1662ರ ನಂತರ ಚರ್ಚು ಬಿಟ್ಟ ಪ್ರೆಸ್ಬಿಟೇರಿಯನ್ನರು ಕಾಲಿಟನ್ನಿನಲ್ಲಿ ಸಾಕಷ್ಟಿದ್ದರು. ಪ್ಲೇಗಿನ ನಂತರದ ಸರಾಸರಿ ನಿಂತಿರುವುದು ನೂರೈವತ್ತಕ್ಕೂ ಕಡಿಮೆ ವಧುಗಳ ಮೇಲೆ. ಇವೆಲ್ಲ ಗಂಭೀರ ಮಾತುಗಳು, ಅದಕ್ಕೇ 29.6ರ ದಶಮಾಂಶಕ್ಕೆ ಜೋತುಬೀಳುವುದು ತಪ್ಪು. ಆದರೆ ಬೇರೆ ದಾರಿಯಲ್ಲಿ ಬಂದ ಸಾಕ್ಷಿಗಳೂ ಅದೇ ದಿಕ್ಕಿಗೆ ಕೈ ತೋರಿಸುತ್ತವೆ. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಜೂಲಿಯೆಟ್‌ಳ ಪ್ರಶ್ನೆಯನ್ನೇ ಎತ್ತಿಕೊಂಡು, ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಕಚೇರಿ 1619 ಮತ್ತು 1660ರ ನಡುವೆ ಕೊಟ್ಟ ಸುಮಾರು ಸಾವಿರ ಮದುವೆ ಪರವಾನಗಿಗಳನ್ನು ನೋಡಿದರು. ಪರವಾನಗಿಯಲ್ಲಿ ವಯಸ್ಸನ್ನು ಕೇಳಿಯೇ ಬರೆಯುತ್ತಿದ್ದರು, ಚೀಟಿ ಹೊಂದಿಸುವ ಕೆಲಸವೇ ಇಲ್ಲ. ಪರವಾನಗಿ ಪಡೆಯುವವರು ತುಸು ಅನುಕೂಲಸ್ಥರು, ಆದರೂ ವಧುಗಳ ಸರಾಸರಿ ಸುಮಾರು 24. ಆಮೇಲೆ ರಿಗ್ಲಿಯವರ ಕೇಂಬ್ರಿಜ್ ಗುಂಪು 26 ಪ್ಯಾರಿಷ್‌ಗಳ ಕುಟುಂಬಗಳನ್ನು ಹೀಗೇ ಕಟ್ಟಿ 1997ರಲ್ಲಿ ಹೊರತಂದ ಲೆಕ್ಕದಲ್ಲಿ 17ನೇ ಶತಮಾನದ ಕೊನೆಗೆ ಹೆಣ್ಣಿನ ಮೊದಲ ಮದುವೆ ಸುಮಾರು 26ಕ್ಕೆ. ಕಾಲಿಟನ್ ಒಂದು ತುದಿಯ ಊರು ಹೌದು. ಆದರೆ ಬೇರೆ ಜಾತಿಯದಲ್ಲ. ಹದಿಮೂರರ ವಧು ಯಾವ ಹಳ್ಳಿಯ ಸರಾಸರಿಯಲ್ಲೂ ಹತ್ತಿರಕ್ಕೂ ಸುಳಿಯುವುದಿಲ್ಲ.

ಇದನ್ನೆಲ್ಲ ಒಪ್ಪಿದವರೂ ಕೇಳಬಹುದಾದ ಮಾತೊಂದಿದೆ: ಪುಸ್ತಕದ ಸಾಲು ಮನಸ್ಸಿನ ಮಾತು ಹೇಳುತ್ತದೆಯೇ? ಹೇಳುವುದಿಲ್ಲ. ಮದುವೆಯ ತಾರೀಖಿನ ಪಕ್ಕ ಮೊದಲ ಮಗುವಿನ ದೀಕ್ಷಾಸ್ನಾನದ ತಾರೀಖು ಇಟ್ಟು ನೋಡಿದವರಿಗೆ, 18ನೇ ಶತಮಾನದ ಕೊನೆಗೆ ಮೂರರಲ್ಲೊಬ್ಬ ವಧುವಿಗಿಂತ ಹೆಚ್ಚು ಮಂದಿ ಮದುವೆಯ ದಿನ ಬಸುರಿಯಾಗಿದ್ದರೆಂದು ಕಂಡಿತು. ಎಷ್ಟೋ ಜೋಡಿಗಳು ಮಾತು ಕೊಟ್ಟು, ಮನೆ ಹೊಂದಿಸಿಕೊಳ್ಳುವ ತನಕ ಕಾಯುತ್ತಿದ್ದವರು. ಎಲ್ಲರೂ ಹಾಗಲ್ಲ. 1733ರ ಕಾನೂನಿನ ಪ್ರಕಾರ ಹೆಣ್ಣು ಹೆಸರಿಸಿದ ಗಂಡಸು ಮಗುವಿನ ಖರ್ಚಿಗೆ ಜಾಮೀನು ಕೊಡಬೇಕು, ಇಲ್ಲದಿದ್ದರೆ ಜೈಲು. ಮದುವೆಯಾದರೆ ಎರಡೂ ತಪ್ಪುತ್ತಿದ್ದವು. ನಾರ್ಫಕ್‌ನ ಪಾದ್ರಿ ಜೇಮ್ಸ್ ವುಡ್‌ಫರ್ಡ್ 1787ರ ಜನವರಿಯಲ್ಲಿ ರಿಂಗ್‌ಲ್ಯಾಂಡ್ ಎಂಬ ಹಳ್ಳಿಗೆ ಹೋಗಿ ಅಂಥ ಮದುವೆಯೊಂದನ್ನು ಮಾಡಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ವರ ಕಾವಲಿನಲ್ಲಿ ಬಂದವನು, ಚರ್ಚಿನ ಅಂಗಳದಲ್ಲಿ ಬಹಳ ಹೊತ್ತು ಒಪ್ಪಲೇ ಇಲ್ಲ, ಪೀಠದ ಮುಂದೆಯೂ ಒರಟಾಗಿ ನಡೆದುಕೊಂಡ. ಕಾನೂನಿನ ಬಲದಿಂದ ಮದುವೆ ಮಾಡಿಸುವುದು ಕ್ರೌರ್ಯ ಎಂದು ವುಡ್‌ಫರ್ಡ್ ನೊಂದುಕೊಂಡ. ಇಂಥ ಮದುವೆಯ ನಮೂದಿಗೂ ಅದರ ಹಿಂದಿನ ಮುಂದಿನ ನಮೂದುಗಳಿಗೂ ಸಾಲಿನಲ್ಲಿ ಏನೂ ಭೇದ ಕಾಣುವುದಿಲ್ಲ. ಇನ್ನೊಂದು ಕಡೆ, ಮುಂದೆ ಊರಿಗೆ ಹೊರೆಯಾಗುತ್ತಾರೆಂದು ಬಡವರ ಮದುವೆಗೇ ಅಡ್ಡ ನಿಂತ ಪ್ಯಾರಿಷ್‌ಗಳೂ ಇದ್ದವು. ಆದರೆ ಈ ಒತ್ತಾಯವೂ ಈ ತಡೆಯೂ ಹುಟ್ಟಿದ್ದು ಎಲ್ಲಿಂದ? ಮಗುವಿನ ಅನ್ನ ಯಾರ ತೆರಿಗೆಯಿಂದ ಬರಬೇಕು ಎಂಬ ಪ್ರಶ್ನೆಯಿಂದ. ಬಲವಂತದ ಮದುವೆಯಲ್ಲೂ ಮುಹೂರ್ತ ಇಟ್ಟದ್ದು ಜೀವನೋಪಾಯದ ಲೆಕ್ಕವೇ.

ಈ ಲೆಕ್ಕ ಊರಿನ ಗಡಿ ದಾಟಿ ದೇಶದ ಲೆಕ್ಕವಾಗುವುದನ್ನು ಒಬ್ಬ ಹಳ್ಳಿ ಪಾದ್ರಿಯೇ ಮೊದಲು ಗಟ್ಟಿಯಾಗಿ ಹೇಳಿದ. 1790ರ ದಶಕದಲ್ಲಿ ಸರ್ರೆಯ ಓಕ್‌ವುಡ್‌ನಲ್ಲಿ ಕಿರಿಯ ಪಾದ್ರಿಯಾಗಿದ್ದ ಥಾಮಸ್ ಮಾಲ್ಥಸ್ 1798ರ ತನ್ನ ಪ್ರಬಂಧದಲ್ಲಿ, ಸಂಸಾರ ಸಾಕಲಾಗದೆಂಬ ಭಯವೇ ಇಂಗ್ಲೆಂಡಿನಲ್ಲಿ ಜನರನ್ನು ಮದುವೆಯಿಂದ ತಡೆಯುತ್ತದೆ ಎಂದ. ರಿಗ್ಲಿ ಮತ್ತು ಅವರ ಸಹಲೇಖಕ ಸ್ಕೋಫೀಲ್ಡ್ 404 ಪ್ಯಾರಿಷ್ ಪುಸ್ತಕಗಳಿಂದ 1981ರಲ್ಲಿ ಕಟ್ಟಿದ ಲೆಕ್ಕ ಅವನ ಮಾತನ್ನು ಹಿಂದಿನ ಶತಮಾನಗಳಿಗೂ ಒಪ್ಪಿಸಿತು. ಇಂಗ್ಲೆಂಡಿನ ಜನಸಂಖ್ಯೆ 1541ರಲ್ಲಿ ಸುಮಾರು 28 ಲಕ್ಷ. 1656ಕ್ಕೆ 53 ಲಕ್ಷ. ಆಮೇಲೆ ಇಳಿದು 1686ಕ್ಕೆ 49 ಲಕ್ಷ. 1801ಕ್ಕೆ 87 ಲಕ್ಷ. ಜನಸಂಖ್ಯೆ ಇಳಿದ ಆ ಮೂವತ್ತು ವರ್ಷಗಳು ಮದುವೆ ತಡವಾದ, ಮದುವೆಯಾಗದೇ ಉಳಿದವರು ಹೆಚ್ಚಿದ ವರ್ಷಗಳು. 18ನೇ ಶತಮಾನದ ಏರಿಕೆಗೆ ಸಾವು ಕಡಿಮೆಯಾದದ್ದಕ್ಕಿಂತ ಹೆಚ್ಚು ಕಾರಣ ಹೆಣ್ಣುಮಕ್ಕಳು ಬೇಗ ಮದುವೆಯಾದದ್ದು. ಕೂಲಿಯ ಬೆಲೆ ಏರಿದರೆ ಕೆಲವು ದಶಕಗಳ ಹಿಂದೆಬಿದ್ದು ಮದುವೆಯೂ ಏರುತ್ತದೆ. ಆಳುಪದ್ಧತಿ ಕುಸಿದು ದಿನಗೂಲಿ ಹೆಚ್ಚಿದ ಮೇಲೆ ಕೂಡಿಹಾಕುತ್ತಾ ಕಾಯಲು ಕಾರಣವೂ ಉಳಿಯಲಿಲ್ಲ; ಇಪ್ಪತ್ತೆರಡಕ್ಕೆ ಸಿಗುವ ಕೂಲಿಯೇ ನಲವತ್ತಕ್ಕೂ.

ಮದುವೆ ಪುಸ್ತಕ ಹೆಂಗಸರ ದುಡಿಮೆಯನ್ನು ಹೊರಗಿಟ್ಟ ರೀತಿಯನ್ನು ಮಾತ್ರ ನನ್ನಿಂದ ಸುಲಭವಾಗಿ ಕ್ಷಮಿಸಲಾಗುವುದಿಲ್ಲ. 1754ರ ನಂತರದ ಪುಟಗಳಲ್ಲಿ ವಧುವಿನ ಗುರುತು ಹೆಚ್ಚಾಗಿ ಒಂದು ಕತ್ತರಿ ಗೀಟು: ಆ ಹೊತ್ತಿಗೆ ಗಂಡಸರಲ್ಲಿ ಸುಮಾರು 40 ಪ್ರತಿಶತ, ಹೆಂಗಸರಲ್ಲಿ 60ಕ್ಕೂ ಹೆಚ್ಚು ಮಂದಿ ಸಹಿ ಹಾಕಲಾರದವರು ಎಂದು ಸ್ಕೋಫೀಲ್ಡ್ ಎಣಿಸಿದ್ದಾರೆ. ಓದು ಮೊದಲು, ಬರೆಹ ಆಮೇಲೆ ಕಲಿಸುತ್ತಿದ್ದ ಕಾಲ ಅದು. ಗೀಟು ಹಾಕಿದ ಎಷ್ಟೋ ಹೆಂಗಸರಿಗೆ ಓದು ಬರುತ್ತಿದ್ದಿರಬೇಕು. 1837ರ ಹೊಸ ನಮೂನೆಯಲ್ಲಿ ವಯಸ್ಸು, ಕಸುಬು, ಅಪ್ಪನ ಹೆಸರು ಮತ್ತು ಅಪ್ಪನ ಕಸುಬಿಗೆ ಕಾಲಂ ಬಂತು. ಅಮ್ಮನಿಗೆ ಕಾಲಂ ಇರಲಿಲ್ಲ, ವಧುವಿನ ಕಸುಬಿನ ಜಾಗವನ್ನು ಸಾಮಾನ್ಯವಾಗಿ ಖಾಲಿ ಬಿಡುತ್ತಿದ್ದರು. ಹತ್ತು ಹನ್ನೆರಡು ವರ್ಷ ಲೇಸು ಹೆಣೆದು ತನ್ನ ಮದುವೆಯ ಗಂಟು ತಾನೇ ಕಟ್ಟಿಕೊಂಡ ಹೆಣ್ಣು ಈ ಪುಟದಲ್ಲಿ ಕಸುಬಿಲ್ಲದವಳು. ಇಂಗ್ಲೆಂಡಿನ ಮದುವೆ ದಾಖಲೆಗೆ ತಾಯಂದಿರ ಹೆಸರು ಸೇರಿದ್ದು 2021ರ ಮೇ 4ರಂದು, ಚರ್ಚಿನ ರಿಜಿಸ್ಟರು ಬರೆಯುವ ಪದ್ಧತಿ ಮುಗಿದು ಕಂಪ್ಯೂಟರಿನ ನೋಂದಣಿ ಶುರುವಾದ ದಿನ. ಅದಕ್ಕೆ ಮುಂಚಿನ ಪುಟಗಳನ್ನು ಓದುವವರು ಕಾಲಿಟನ್ನಿನ ಹೆಂಗಸರನ್ನು ಹುಡುಕಬೇಕಾದದ್ದು ಶಾರ್ಪ್ ಹುಡುಕಿದ ಕಡೆಯೇ: ಯಾರಿಗೆ ಎಷ್ಟು ನೆರವು ಕೊಟ್ಟೆವು ಎಂದು ಊರಿನವರು ಪೆನ್ನಿ ಪೆನ್ನಿಗೂ ಬರೆದಿಟ್ಟ ಬಡವರ ಲೆಕ್ಕಪತ್ರಗಳಲ್ಲಿ.